ಕೆಂಡದಡ್ಯೆ ಮತ್ತು ಬಿಳುವ ಹಲಸಿನ ಅಳಿವು ಉಳಿವು

(ಹಲಸಿನ ಹಂಗಾಮಿನ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಹಲಸಿನ ಹಣ್ಣನ್ನು ಕೊಳ್ಳಲು ಊರಿಗೆ ಬರುವ ವ್ಯಾಪಾರಿ ಮೊದಲು ವಿಚಾರಿಸುವುದು ಮರ ಬಕ್ಕೆಯದೋ ಬಿಳುವದ್ದೋ ಎಂಬುದನ್ನು. ಬಕ್ಕೆ ಎಂದರೆ ಮಾತು ಮುಂದುವರಿಯುತ್ತದೆ. ಬಿಳುವ ಎಂದರೆ ಅಲ್ಲಿಗೇ ನಿಲ್ಲುತ್ತದೆ. ಬಕ್ಕೆಯ ತೊಳೆ ಗಟ್ಟಿ. ಅದನ್ನು ಬಿಡಿಸಿ ಪೊಟ್ಟಣ ಕಟ್ಟಬಹುದು, ಚಿಪ್ಸ್ ಕರಿಯಬಹುದು, ಹಣ್ಣನ್ನು ಲಾರಿಯಲ್ಲಿ ಹೇರಿ ದೂರದ ಪೇಟೆಗೆ ಸಾಗಿಸಬಹುದು. ಬಿಳುವದ ತೊಳೆಯಾದರೋ ಮೆತ್ತಗೆ, ನಾರು ನಾರು, ರಸಭರಿತ. ಹಣ್ಣಾದ ಒಂದೆರಡು ದಿನಗಳಲ್ಲೇ ಕುಸಿಯುವ ಇದಕ್ಕೆ ಪೇಟೆಯ ಪ್ರಯಾಣ ಒಗ್ಗದು. ಕರಾವಳಿಯಲ್ಲಿ ತುಳುವ ಎಂದು ಕರೆಯುವುದೂ ಇದನ್ನೇ.

ಪೇಟೆಗೆ ಬೇಡವಾದ ಮರ ಮನೆಗೂ ಬೇಡವಾದರೆ ಅದರ ಗತಿ ಏನೆಂಬುದನ್ನು ವಿವರಿಸಬೇಕಾಗಿಲ್ಲ. ಹಲಸಿನ ಮರದ ದಿಮ್ಮಿಗೆ ಎಂದೂ ಬೇಡಿಕೆಯಿದೆ. ಬಾಗಿಲು, ಪೀಠೋಪಕರಣಗಳಿಂದ ಹಿಡಿದು ಮೃದಂಗ, ವೀಣೆಗಳವರೆಗೆ ಅದರ ಉಪಯೋಗ ಹಬ್ಬಿದೆ. ಹಣ್ಣಿನಿಂದ ಏನೂ ದೊರೆಯದು, ದಿಮ್ಮಿಯಿಂದ ಒಂದೇ ಸಲಕ್ಕೆ ದೊಡ್ಡ ಮೊತ್ತ ದೊರೆಯುತ್ತದೆ ಎಂಬ ಲೆಕ್ಕಾಚಾರದ ಮುಂದೆ ಹಿತ್ತಿಲಿನ ಬಿಳುವ ಮರ ಬಹುಕಾಲ ನಿಲ್ಲಲಾರದು. ಆದುದರಿಂದ ಇಂದಿನ ವಿಷಯ ಮೇಲ್ನೋಟಕ್ಕೆ ಒಂದು ಸಿಹಿತಿಂಡಿಯ ತಯಾರಿಕೆಯಾದರೂ, ಒಳಗಿರುವುದು ಒಂದು ಮರದ ಅಳಿವು ಉಳಿವಿನ ಪ್ರಶ್ನೆ.

ಪ್ರತಿ ಮರವೂ ಒಂದು ತಳಿ

ಹಲಸು ಪಶ್ಚಿಮಘಟ್ಟದ ಮೂಲನಿವಾಸಿ. ಒಂದೇ ಮರದಲ್ಲಿ ಗಂಡು ಮತ್ತು ಹೆಣ್ಣು ಹೂಗೊಂಚಲುಗಳು ಬೇರೆಬೇರೆಯಾಗಿ ಬಿಡುತ್ತವೆ. ಹಣ್ಣು ಎಂದು ಕರೆಯುವುದು ವಾಸ್ತವವಾಗಿ ನೂರಾರು ಹೆಣ್ಣು ಹೂಗಳು ಕೂಡಿ ಬೆಳೆದ ಒಂದು ಸಮೂಹ. ಒಂದೊಂದು ತೊಳೆಯೂ ಒಂದೊಂದು ಹೂವಿನ ಫಲ. ಪರಕೀಯ ಪರಾಗಸ್ಪರ್ಶವೇ ಪ್ರಧಾನವಾಗಿರುವುದರಿಂದ ಬೀಜದಿಂದ ಹುಟ್ಟಿದ ಗಿಡ ತಾಯಿಮರವನ್ನು ಯಥಾವತ್ತಾಗಿ ಹೋಲುವುದಿಲ್ಲ. ಜೇನಿನಂತೆ ಸಿಹಿಯಾದ ಹಣ್ಣಿನ ಬೀಜ ಬಿತ್ತಿದರೆ ಸಪ್ಪೆ ಹಣ್ಣಿನ ಮರ ಬರಬಹುದು, ಸಪ್ಪೆಯ ಬೀಜದಿಂದ ಸಿಹಿಯೂ ಬರಬಹುದು. ಮಲೆನಾಡಿನ ಬೇಲಿ, ಬೆಟ್ಟ, ಹಿತ್ತಿಲುಗಳಲ್ಲಿ ಬೀಜದಿಂದ ಬೆಳೆದ ಪ್ರತಿಯೊಂದು ಮರವೂ ಈ ಅರ್ಥದಲ್ಲಿ ಪ್ರತ್ಯೇಕ ತಳಿಯೇ ಆಗಿದೆ.

ಇದರ ಜೊತೆಗೆ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಭತ್ತ, ರಾಗಿಗಳ ಬೀಜವನ್ನು ಒಣಗಿಸಿ ಶೀತಲ ಭಂಡಾರದಲ್ಲಿ ವರ್ಷಗಟ್ಟಲೆ ಕಾಪಿಡಬಹುದು. ಹಲಸಿನ ಬೀಜ ಹಾಗಲ್ಲ. ಅದನ್ನು ಒಣಗಿಸಿದರೆ ಜೀವ ಹೋಗುತ್ತದೆ. ಹಾಗೆಯೇ ಇಟ್ಟರೂ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕುಂದುತ್ತದೆ. ಆದುದರಿಂದ ಹಲಸಿನ ವೈವಿಧ್ಯಕ್ಕೆ ನಿಂತ ಮರವೇ ಭಂಡಾರ. ಮರ ಉರುಳಿದರೆ ಆ ತಳಿಯನ್ನು ಮತ್ತೆ ತರುವ ದಾರಿಯಿಲ್ಲ.

ಒಂದೇ ಮರವನ್ನು ಗುರುತಿಸಿ ಉಳಿಸಿದ ಉದಾಹರಣೆಯೂ ಕರ್ನಾಟಕದಲ್ಲಿದೆ. ತುಮಕೂರು ಜಿಲ್ಲೆಯ ಚೇಳೂರಿನ ರೈತ ಕುಟುಂಬವೊಂದರ ಜಮೀನಿನಲ್ಲಿದ್ದ, ತಾಮ್ರಗೆಂಪು ತೊಳೆಯ ‘ಸಿದ್ದು’ ಹಲಸನ್ನು ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಗುರುತಿಸಿತು. ಕಸಿಗಿಡಗಳನ್ನು ಬೆಳೆಸಿ ಮಾರಲು ಆ ಕುಟುಂಬದೊಡನೆ 2017ರಲ್ಲಿ ಒಪ್ಪಂದ ಮಾಡಿಕೊಂಡಿತು. ಮರದ ಒಡೆಯನಿಗೇ ಲಾಭ ಸಲ್ಲುವ ಈ ಕ್ರಮ ಸ್ತುತ್ಯರ್ಹ. ಆದರೆ ಪೇಟೆಯ ಕಣ್ಣಿಗೆ ಬೀಳುವ ತಳಿಗಷ್ಟೇ ಇಂತಹ ಭಾಗ್ಯ ದೊರೆಯುತ್ತದೆ. ಬಿಳುವಕ್ಕೆ ಉಳಿದಿರುವ ಆಶ್ರಯ ಅಡುಗೆಮನೆಯೊಂದೇ.

ಕೆಂಡದ ನಡುವೆ ಬೇಯುವ ತಿಂಡಿ

ಮಲೆನಾಡಿನ ಹಿರಿಯ ಗೃಹಿಣಿಯರು ಬಿಳುವವನ್ನು ಕೀಳೆಂದು ಬಗೆದವರಲ್ಲ. ಕಡುಬಿಗೆ, ಗಟ್ಟಿಗೆ, ದೋಸೆಗೆ ಬಿಳುವವೇ ಬೇಕು ಎಂಬುದು ಅವರ ಮಾತು. ಬಕ್ಕೆಯ ತೊಳೆಯನ್ನು ಕೊಚ್ಚಿ ರುಬ್ಬಬೇಕು. ಬಿಳುವದ ತೊಳೆ ಕೈಯಲ್ಲಿ ಹಿಸುಕಿದರೇ ರಸವಾಗುತ್ತದೆ. ಈ ತಿಂಡಿಗಳಲ್ಲಿ ಬಹುಪಾಲು ಹಬೆಯಲ್ಲಿ ಬೇಯುವಂಥವು. ಕೆಂಡದ ಶಾಖದಲ್ಲಿ ಸುಟ್ಟು ಬೇಯಿಸುವ ಬಗೆಯೂ ಒಂದಿದೆ. ತುಳುನಾಡಿನಲ್ಲಿ ಅದು ಕೆಂಡದಡ್ಯೆ. ಅಡ್ಯೆ ಎಂದರೆ ತುಳುವಿನಲ್ಲಿ ಕಡುಬು. ಕೊಂಕಣಿ ಮನೆಗಳಲ್ಲಿ ಇದೇ ಬಗೆಯ ತಿಂಡಿಗೆ ಧೋಂಡಸ ಎಂಬ ಹೆಸರಿದೆ. ಹಲಸು ಇಲ್ಲದ ಕಾಲದಲ್ಲಿ ಸೌತೆಕಾಯಿಯಿಂದಲೂ ಇದನ್ನು ಮಾಡುತ್ತಾರೆ. ಕೇಕು ಎಂಬ ಪದ ಈ ನೆಲಕ್ಕೆ ಹೊಸದಾದರೂ, ಆ ವಿದ್ಯೆ ಹೊಸದಲ್ಲ.

ಬೇಕಾಗುವ ಸಾಮಗ್ರಿ ಹೀಗಿದೆ: ಬಿಳುವ ಹಲಸಿನ ದಪ್ಪ ರಸ 1 ಕಿಲೋ, ಬೆಳ್ತಿಗೆ ಅಕ್ಕಿಯ ತರಿ ಅರ್ಧ ಕಿಲೋ, ಪುಡಿ ಮಾಡಿದ ಬೆಲ್ಲ 250 ಗ್ರಾಂ, ಅರ್ಧ ತೆಂಗಿನಕಾಯಿಯ ತುರಿ, ಐದಾರು ಏಲಕ್ಕಿ, ಚಿಟಿಕೆ ಉಪ್ಪು, ಎರಡು ಚಮಚ ತುಪ್ಪ ಅಥವಾ ತೆಂಗಿನೆಣ್ಣೆ, ಎರಡು ಬಾಳೆಲೆ. ಮೈದಾ, ಸಕ್ಕರೆ, ಸೋಡಾಪುಡಿ, ಬಣ್ಣ ಇವಾವುವೂ ಬೇಡ. ನೀರೂ ಬೇಡ; ಹಣ್ಣಿನ ತೂಕದ ಸುಮಾರು ಮುಕ್ಕಾಲು ಭಾಗ ನೀರೇ ಆಗಿರುತ್ತದೆ.

ಅಕ್ಕಿಯನ್ನು ತೊಳೆದು, ನೀರು ಬಸಿದು, ನೆರಳಿನಲ್ಲಿ ಆರಿಸಿ, ಸಣ್ಣ ರವೆಯಷ್ಟು ತರಿಯಾಗಿ ಒಡೆಸಿ ಹದವಾಗಿ ಹುರಿಯಬೇಕು. ಕೈಗೆ ತೆಂಗಿನೆಣ್ಣೆ ಸವರಿಕೊಂಡು ಹಣ್ಣು ಬಿಡಿಸಿದರೆ ಮೇಣ ಅಂಟದು. ತೊಳೆಯಿಂದ ಬೀಜ ತೆಗೆದು, ಜರಡಿಯ ಮೇಲೆ ಉಜ್ಜಿದರೆ ನಾರು ಮೇಲುಳಿದು ರಸ ಕೆಳಗಿಳಿಯುತ್ತದೆ. ರಸಕ್ಕೆ ಬೆಲ್ಲ ಬೆರೆಸಿ ಒಲೆಯ ಮೇಲಿಟ್ಟು ಕುದಿ ಬರಿಸಬೇಕು. ಬಳಿಕ ತರಿಯನ್ನು ಉದುರಿಸುತ್ತ, ಗಂಟಾಗದಂತೆ ಮಗುಚಬೇಕು. ಕಾಯಿತುರಿ, ಉಪ್ಪು, ಏಲಕ್ಕಿ ಸೇರಿಸಿ, ಇಡ್ಲಿ ಹಿಟ್ಟಿಗಿಂತ ತುಸು ಗಟ್ಟಿಯಾದಾಗ ಇಳಿಸಿ ಅರ್ಧ ಗಂಟೆ ಮುಚ್ಚಿಡಬೇಕು. ಈ ಅವಧಿಯಲ್ಲಿ ತರಿ ರಸವನ್ನು ಹೀರಿ ಅರಳುತ್ತದೆ.

ಮುಂದಿನದು ಕೆಂಡದ ಕೆಲಸ. ದಪ್ಪ ತಳದ ಉರುಳಿ ಅಥವಾ ಬಾಣಲೆಗೆ ತುಪ್ಪ ಸವರಿ, ಬೆಂಕಿಯಲ್ಲಿ ಬಾಡಿಸಿದ ಬಾಳೆಲೆಯನ್ನು ಒಳಗೆ ಹಾಸಬೇಕು. ಬಾಡಿಸದ ಎಲೆ ಮಡಿಸುವಾಗ ಸೀಳುತ್ತದೆ. ಎರಡು ಅಂಗುಲ ದಪ್ಪಕ್ಕೆ ಹಿಟ್ಟು ಹರಡಿ, ಇನ್ನೊಂದು ಎಲೆ ಮುಚ್ಚಿ, ಮೇಲೆ ಚಪ್ಪಟೆ ಮುಚ್ಚಳವಿಡಬೇಕು. ಒಟ್ಟು ಕೆಂಡದ ಮೂರರಲ್ಲಿ ಒಂದು ಪಾಲು ಪಾತ್ರೆಯ ಕೆಳಗೆ, ಎರಡು ಪಾಲು ಮುಚ್ಚಳದ ಮೇಲೆ ಎಂಬುದು ನೆನಪಿಡಬೇಕಾದ ಲೆಕ್ಕ. ಇದಕ್ಕೆ ಕಾಡಿನ ಕಟ್ಟಿಗೆ ಬೇಕಾಗಿಲ್ಲ. ತೆಂಗಿನ ಗೆರಟೆಯ ಕೆಂಡ ಸಾಕು. ಸುಮಾರು ಒಂದು ಗಂಟೆಯ ಬಳಿಕ ತೆಂಗಿನ ಗರಿಯ ಕಡ್ಡಿಯೊಂದನ್ನು ಚುಚ್ಚಿದರೆ ಹಿಟ್ಟು ಅಂಟದೆ ಹೊರಬರಬೇಕು. ಪೂರ್ತಿ ಆರಿದ ಮೇಲೆಯೇ ಕತ್ತರಿಸಬೇಕು. ಬಿಸಿಯಿರುವಾಗ ಕೊಯ್ದರೆ ಮುದ್ದೆಯಾಗುತ್ತದೆ. ಓವನ್ ಇರುವ ಮನೆಯಲ್ಲಿ 180 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಮಾರು 50 ನಿಮಿಷ ಬೇಯಿಸಿದರೆ ಇದೇ ಫಲ ದೊರೆಯುತ್ತದೆ.

ಶಾಖದ ಮರ್ಮ

ಹಬೆಯ ಪಾತ್ರೆಯ ಶಾಖ 100 ಡಿಗ್ರಿಯನ್ನು ಮೀರದು. ಅಕ್ಕಿಯ ಪಿಷ್ಟ ಬೇಯಲು ಅಷ್ಟು ಸಾಕು. 70 ಡಿಗ್ರಿಯ ಆಸುಪಾಸಿನಲ್ಲಿಯೇ ಅದು ನೀರು ಹೀರಿ ಉಬ್ಬುತ್ತದೆ. ಆದರೆ ಕಂದುಬಣ್ಣವೂ ಸುಟ್ಟ ಪರಿಮಳವೂ ಹುಟ್ಟಬೇಕಾದರೆ ಮೇಲ್ಮೈ ಒಣಗಿ ಶಾಖ 140 ಡಿಗ್ರಿಯ ಆಚೆಗೆ ಏರಬೇಕು. ಆಗ ಹಣ್ಣಿನ ಸಕ್ಕರೆಗಳು ಅಕ್ಕಿ, ಕಾಯಿಗಳಲ್ಲಿರುವ ಪ್ರೋಟೀನಿನ ಅಂಶಗಳೊಡನೆ ಸಂಯೋಗಗೊಂಡು ನೂರಾರು ಬಗೆಯ ಪರಿಮಳದ್ರವ್ಯಗಳನ್ನು ಉಂಟುಮಾಡುತ್ತವೆ. ಮುಚ್ಚಳದ ಮೇಲಿನ ಕೆಂಡ ಮಾಡುವುದು ಈ ಕೆಲಸವನ್ನು. ಕೆಳಗಿನ ಕೆಂಡ ಹೆಚ್ಚಾದರೆ ನಡುಭಾಗ ಬೇಯುವ ಮೊದಲೇ ತಳದ ಬೆಲ್ಲ ಸೀದು ಕಹಿಯಾಗುತ್ತದೆ. ಉಷ್ಣಮಾಪಕವಿಲ್ಲದ ಕಾಲದಲ್ಲಿಯೇ ಒಂದಕ್ಕೆ ಎರಡು ಎಂಬ ಪ್ರಮಾಣವನ್ನು ಕಂಡುಕೊಂಡವರು ಅಡುಗೆಮನೆಯ ಹೆಂಗಸರು.

ಮಳೆ ಹಿಡಿದ ಮೇಲೆ ಕೊಯ್ದ ಹಣ್ಣಿನಲ್ಲಿ ನೀರಿನಂಶ ಹೆಚ್ಚು, ಸಿಹಿ ಕಡಿಮೆ. ಆಗ ರಸವನ್ನು ಹೆಚ್ಚು ಹೊತ್ತು ಕುದಿಸಿ ಬತ್ತಿಸಬೇಕು, ಅಥವಾ ತರಿಯನ್ನು ಒಂದು ಹಿಡಿ ಹೆಚ್ಚಿಸಬೇಕು. ಹಲಸಿನ ಬೀಜವನ್ನು ಬೇಯಿಸಿ, ಒಣಗಿಸಿ, ಪುಡಿ ಮಾಡಿ ತರಿಯ ಐದನೆಯ ಒಂದು ಪಾಲಿಗೆ ಬದಲಾಗಿ ಸೇರಿಸಬಹುದು. ಹಸಿ ಬೀಜದಲ್ಲಿ ಪ್ರೋಟೀನ್ ಜೀರ್ಣವಾಗುವುದನ್ನು ತಡೆಯುವ ಅಂಶವಿದೆ. ಬೇಯಿಸಿದಾಗ ಅದು ನಾಶವಾಗುತ್ತದೆ.

ಆರೋಗ್ಯದ ಮಾತು

ಸ್ಥಳೀಯ ಆಹಾರದ ಪರ ಮಾತನಾಡುವವರು ಉತ್ಪ್ರೇಕ್ಷೆಯಿಂದ ದೂರವಿರಬೇಕು. ಹಲಸಿನ ತೊಳೆಯಲ್ಲಿ ಪೊಟ್ಯಾಸಿಯಮ್ ಸಮೃದ್ಧವಾಗಿದೆ: 100 ಗ್ರಾಮಿಗೆ ಸುಮಾರು 450 ಮಿಲಿಗ್ರಾಂ. ಸಿ ಜೀವಸತ್ವವೂ ಇದೆ. ಆದರೆ ಕುದಿಸಿ ಸುಡುವಾಗ ಅದರ ಬಹುಭಾಗ ನಷ್ಟವಾಗುತ್ತದೆ. ಬೆಲ್ಲದಲ್ಲಿ ತುಸು ಖನಿಜಾಂಶ ಇರುವುದು ನಿಜವಾದರೂ, ಅದರ ಮುಖ್ಯ ಘಟಕ ಸಕ್ಕರೆಯೇ. ಮೇಲೆ ಹೇಳಿದ ಅಳತೆಯ ಅಡ್ಯೆಯನ್ನು 16 ತುಂಡು ಮಾಡಿದರೆ ಒಂದೊಂದರಲ್ಲಿ ಬೆಲ್ಲವೇ ಸುಮಾರು 15 ಗ್ರಾಂ. ಹಣ್ಣಿನ ಸಿಹಿ ಅದಕ್ಕೆ ಹೆಚ್ಚುವರಿ. ಸಕ್ಕರೆ ಕಾಯಿಲೆ ಇರುವವರಿಗೆ ಇದು ಪಥ್ಯವಲ್ಲ. ಹಣ್ಣು ಚೆನ್ನಾಗಿ ಸಿಹಿಯಿದ್ದರೆ ಬೆಲ್ಲವನ್ನು ಅರ್ಧಕ್ಕಿಳಿಸುವುದು ಎಲ್ಲರಿಗೂ ಒಳಿತು. ಬೆಲ್ಲ ಕೊಳ್ಳುವಾಗ ಹೊಂಬಣ್ಣಕ್ಕೆ ಮರುಳಾಗದೆ, ರಾಸಾಯನಿಕ ಹಾಕಿ ಬಿಳುಪುಗೊಳಿಸದ ಕಪ್ಪುಬೆಲ್ಲವನ್ನೋ, ಆಲೆಮನೆಯ ಜೋನಿಬೆಲ್ಲವನ್ನೋ ಆರಿಸುವುದು ಲೇಸು. ಜೋನಿ ಹಾಕಿದರೆ ರಸವನ್ನು ಇನ್ನಷ್ಟು ಬತ್ತಿಸಬೇಕು.

ಹಾಗಾದರೆ ಈ ತಿಂಡಿಯ ಹಿರಿಮೆ ಯಾವುದು? ಇದರ ಒಂದೊಂದು ಸಾಮಗ್ರಿಯ ಹಿಂದೆಯೂ ಒಂದು ಜೀವಂತ ಭೂಮಿಯಿದೆ. ಅಕ್ಕಿಯ ಹಿಂದೆ ಗದ್ದೆ, ಏಲಕ್ಕಿಯ ಹಿಂದೆ ನೆರಳು, ಬೆಲ್ಲದ ಹಿಂದೆ ಆಲೆಮನೆ, ರಸದ ಹಿಂದೆ ಬಿಳುವ ಹಲಸು. ಮೈದಾ, ಸಕ್ಕರೆಗಳ ಕೇಕಿನ ಹಿಂದೆ ಇರುವುದು ಅಂಗಡಿಯ ಪೊಟ್ಟಣ ಮಾತ್ರ.

ಬಳಸುವುದೂ ಸಂರಕ್ಷಣೆಯೇ

ಶಿರಸಿಯ ಸಾಲ್ಕಣಿಯ ಪರಿಸರದಲ್ಲಿ 1983ರಲ್ಲಿ ಆರಂಭವಾದ ಅಪ್ಪಿಕೊ ಚಳವಳಿ ‘ಉಳಿಸು, ಬೆಳೆಸು, ಬಳಸು’ ಎಂಬ ಮೂರು ಪದಗಳನ್ನು ಮಲೆನಾಡಿಗೆ ನೀಡಿತು. ಉಳಿಸು ಎಂಬುದಕ್ಕೆ ಮರವನ್ನು ಅಪ್ಪಿದ ಕೈಗಳು ಸಾಕ್ಷಿ. ಬೆಳೆಸು ಎಂಬುದಕ್ಕೆ ಸಸಿ ನೆಟ್ಟ ಊರುಗಳು ಸಾಕ್ಷಿ. ಬಳಸು ಎಂಬ ಮೂರನೆಯ ಪದಕ್ಕೆ ಅಷ್ಟು ಗಮನ ಸಲ್ಲಲಿಲ್ಲ. ಉಪಯೋಗ ಮರೆತ ಮರವನ್ನು ಘೋಷಣೆಯೊಂದೇ ಬಹುಕಾಲ ಕಾಯಲಾರದು. ದಿನನಿತ್ಯದ ಊಟವಾದರೆ ಕಾಯಬಲ್ಲದು.

ಆದುದರಿಂದ ಈ ಹಂಗಾಮಿನಲ್ಲಿ ಪ್ರತಿ ಮನೆಯಿಂದ ನಾಲ್ಕು ಕೆಲಸಗಳು ನಡೆಯಬೇಕಾಗಿವೆ. ಮೊದಲನೆಯದು, ಹಿತ್ತಿಲು ಮತ್ತು ಬೆಟ್ಟದಲ್ಲಿರುವ ಬಿಳುವ ಮರಗಳ ಪಟ್ಟಿ: ಯಾವ ಮರದ ಹಣ್ಣು ಯಾವ ತಿಂಗಳಲ್ಲಿ ಬರುತ್ತದೆ, ರಸದ ಬಣ್ಣ, ಸಿಹಿ, ನಾರು ಎಷ್ಟು ಎಂಬ ವಿವರ. ಇದನ್ನು ಬಲ್ಲವರು ಮನೆಯ ಹಿರಿಯರು, ಅವರಿರುವಾಗಲೇ ಬರೆದಿಡಬೇಕು. ಎರಡನೆಯದು, ಅತ್ಯುತ್ತಮ ಮರಗಳ ಕುಡಿಯನ್ನು ಮಳೆಗಾಲದಲ್ಲಿ ಎಳೆಯ ಸಸಿಗಳಿಗೆ ಕಸಿ ಕಟ್ಟುವುದು. ಬೀಜದ ಗಿಡ ಫಲ ಕೊಡಲು ಏಳೆಂಟು ವರ್ಷ ಬೇಕಾದರೆ, ಕಸಿಗಿಡ ಮೂರು ನಾಲ್ಕು ವರ್ಷಗಳಲ್ಲಿ ಕೊಡಬಲ್ಲದು. ತಾಯಿಮರದ ಗುಣವನ್ನೂ ಯಥಾವತ್ತಾಗಿ ಉಳಿಸುತ್ತದೆ. ಮೂರನೆಯದು, ಮರದ ತುದಿಯ ಹಣ್ಣುಗಳನ್ನು ಮುಟ್ಟದಿರುವುದು. ಅವು ಮಂಗ, ಬಾವಲಿ, ಪುನುಗು ಬೆಕ್ಕುಗಳ ಪಾಲು. ಅವು ಒಯ್ದು ಬೀಳಿಸಿದ ಬೀಜಗಳಿಂದಲೇ ಹೊಸ ತಳಿಗಳು ಹುಟ್ಟುತ್ತವೆ.

ನಾಲ್ಕನೆಯ ಕೆಲಸ ಎಲ್ಲಕ್ಕಿಂತ ಸುಲಭ. ಹುಟ್ಟುಹಬ್ಬವಿರಲಿ, ನೆಂಟರು ಬರಲಿ, ಪೇಟೆಯಿಂದ ಕೇಕು ತರುವ ಮೊದಲು ಹಿತ್ತಿಲಿಗೊಮ್ಮೆ ಹೋಗಿ ಬರುವುದು. ಬಿದ್ದು ಕೊಳೆಯಲಿರುವ ಒಂದು ಹಣ್ಣು ಅಡ್ಯೆಯಾಗಿ ಮಕ್ಕಳ ಕೈಗೆ ಬಂದರೆ, ಆ ಮಕ್ಕಳು ಮುಂದೆ ಆ ಮರಕ್ಕೆ ಕೊಡಲಿ ಹಾಕಿಸುವ ಮೊದಲು ಎರಡು ಸಲ ಯೋಚಿಸುತ್ತಾರೆ.