ಕಾಗುಣಿತದ ವರ್ಷ

ಶಾಲೆಯ ವಿಷಯ ಬಂದಾಗ ನಮ್ಮ ಮಾತು ಸಾಮಾನ್ಯವಾಗಿ ಒಂದನೇ ತರಗತಿಗೆ ಸೇರಿಸುವ ದಿನದ ಸುತ್ತ ಇಲ್ಲವೇ ಎಸ್‌ಎಸ್‌ಎಲ್‌ಸಿ ಫಲಿತಾಂಶದ ಸುತ್ತ ಸುಳಿಯುತ್ತದೆ. ನಡುವಿನ ಎರಡನೇ ತರಗತಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಲ್ಲಿ ಪಬ್ಲಿಕ್ ಪರೀಕ್ಷೆಯಿಲ್ಲ, ಹೊಸದಾಗಿ ಸೇರಿದ ಸಂಭ್ರಮವೂ ಇಲ್ಲ. ಆದರೆ ಕನ್ನಡದ ಮಗು ಮುಂದೆ ಸರಾಗವಾಗಿ ಓದುವುದೋ, ಅಕ್ಷರ ಅಕ್ಷರಕ್ಕೂ ಎಡವುತ್ತಾ ಐದನೇ ತರಗತಿ ಮುಟ್ಟುವುದೋ ಎಂಬುದು ಬಹುಮಟ್ಟಿಗೆ ಈ ವರ್ಷದಲ್ಲೇ ತೀರ್ಮಾನವಾಗುತ್ತದೆ. ಅದನ್ನು ತೀರ್ಮಾನಿಸುವುದು ದಿನವೂ ನಡೆಯುವ ಚಿಕ್ಕಪುಟ್ಟ ಚಟುವಟಿಕೆಗಳು. ಕಿಟಕಿಯಿಂದ ಇಣುಕಿದವರಿಗೆ ಬರೀ ಆಟದಂತೆ ಕಾಣುವಂಥವು. ಆ ಚಟುವಟಿಕೆಗಳಿಗೆ ಬೇಕಾದಷ್ಟು ಸಮಯವನ್ನೂ ಪೂರ್ತಿ ಒಬ್ಬ ಶಿಕ್ಷಕರನ್ನೂ ಬಿಟ್ಟುಕೊಡಬೇಕು, ಅವುಗಳನ್ನು ಅವಸರಪಡಿಸಬಾರದು ಎಂಬುದು ಇವತ್ತಿನ ನನ್ನ ವಾದ.

ಚಿಕ್ಕಮಗಳೂರು ಜಿಲ್ಲೆಯ ಕಡೂರು ಸೀಮೆಯ ಚೌಳಹಿರಿಯೂರನ್ನೇ ತೆಗೆದುಕೊಳ್ಳಿ. ಆ ಊರಿನ ಮಗು ಬಸ್ಸಿನ ಬೋರ್ಡಿನ ಮೇಲಿರುವ ತನ್ನೂರಿನ ಹೆಸರನ್ನು ಓದಬೇಕಾದರೆ ಏನೇನು ಕಲಿತಿರಬೇಕು? ಹೆಸರಿನಲ್ಲಿರುವುದು ಆರು ಅಕ್ಷರ. ಚಿಹ್ನೆಯ ಹಂಗಿಲ್ಲದೆ ಬರುವುದು ‘ಳ’ ಒಂದೇ. ಮೊದಲಿನ ‘ಚೌ’ದಲ್ಲಿ ಔತ್ವ, ‘ಹಿ’ ಮತ್ತು ‘ರಿ’ಗಳಲ್ಲಿ ಗುಡಿಸು, ‘ಯೂ’ಗೆ ಕೊಂಬಿನ ಜೊತೆ ಇಳಿ, ಕೊನೆಯ ‘ರು’ಗೆ ಕೊಂಬು. ಪಕ್ಕದ ಅಜ್ಜಂಪುರವನ್ನು ಓದಲು ಜ-ಒತ್ತು ಬೇಕು, ಸೊನ್ನೆ ಬೇಕು, ‘ಪು’ ಬೇಕು. ಆ ‘ಪು’ವಿನಲ್ಲಿ ಇನ್ನೊಂದು ತೊಡಕಿದೆ. ‘ಕು’ ಬರೆಯುವಾಗ ಕೊಂಬು ಬಲಕ್ಕೆ ಬರುತ್ತದೆ. ‘ಪು’, ‘ವು’ಗಳಲ್ಲಿ ಅದು ಅಡಿಗೆ ಇಳಿಯುತ್ತದೆ. ‘ವು’ವಿಗೂ ಬಲಕ್ಕೇ ಕೊಂಬು ಎಳೆದ ಮಗು ‘ಮ’ ಬರೆದು ಕೂತಿರುತ್ತದೆ. ‘ಸೂರ್ಯ’ ಎನ್ನುವಾಗ ರಕಾರ ಬಾಯಲ್ಲಿ ಮೊದಲು ಬರುತ್ತದೆ, ಅದರ ಅರ್ಕಾವತ್ತು ಕಾಗದದ ಮೇಲೆ ಆಮೇಲೆ ಬರುತ್ತದೆ. ದೊಡ್ಡವರಾದ ನಮಗೆ ಇವು ಕಣ್ಣಿಗೇ ಬೀಳುವುದಿಲ್ಲ. ಏಳು ವರ್ಷದ ಮಗುವಿಗೆ ಇವುಗಳಲ್ಲಿ ಪ್ರತಿಯೊಂದೂ ಬೇರೆ ಬೇರೆ ಕಲಿಕೆ.

ವರ್ಣಮಾಲೆಯಲ್ಲಿ 49 ಅಕ್ಷರ ಎಂದು ನಾವು ಹೇಳಿಕೊಳ್ಳುತ್ತೇವೆ. ಅದು ವ್ಯಾಕರಣದ ಲೆಕ್ಕ. ಓದುವ ಮಗುವಿನ ಲೆಕ್ಕ ಬೇರೆ: 34 ವ್ಯಂಜನಗಳು, ಒಂದೊಂದಕ್ಕೂ ಕಾಗುಣಿತದ 15 ರೂಪ ಎಂದರೆ 510 ಆಯಿತು, ಒತ್ತಕ್ಷರ ಇನ್ನೂ ಬೇರೆ. ಕನ್ನಡ ಮಕ್ಕಳು ಓದಲು ಕಲಿಯುವ ಬಗೆಯನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದನ್ನೇ ತೋರಿಸಿದರು. ಕೆಲವೇ ಅಕ್ಷರಗಳಿರುವ ಲಿಪಿಗಳಲ್ಲಿ ಅಕ್ಷರಜ್ಞಾನ ಬೇಗ ಮುಗಿಯುತ್ತದೆ. ಕನ್ನಡದಲ್ಲಿ ಅದು ಮೊದಲ ತರಗತಿಗಳನ್ನು ದಾಟಿ ವರ್ಷಗಟ್ಟಲೆ ಮುಂದುವರಿಯುತ್ತದೆ, ಮಕ್ಕಳು ಹೆಚ್ಚು ತಡವರಿಸುವುದು ಗುಣಿತಾಕ್ಷರ ಮತ್ತು ಒತ್ತಕ್ಷರಗಳಲ್ಲಿ. ಒಂದನೇ ತರಗತಿ ಮುಗಿಯುವಷ್ಟರಲ್ಲಿ ಮಗು ಪತ್ರಿಕೆ ಓದಬೇಕೆಂದು ಬಯಸುವ ತಂದೆತಾಯಿ ಕೇಳುತ್ತಿರುವುದು ನಮ್ಮ ಲಿಪಿಯ ಸ್ವಭಾವಕ್ಕೇ ಒಗ್ಗದ ಮಾತು. ಭಾರದ ಕೆಲಸ ಇರುವುದು ಎರಡನೇ ತರಗತಿಯಲ್ಲಿ, ಮೂರನೆಯದರಲ್ಲಿ.

ಈ ಭಾರವನ್ನು ಹಗುರ ಮಾಡುವ ದಾರಿಯೊಂದನ್ನು ನಮ್ಮ ರಾಜ್ಯದ ಶಿಕ್ಷಕರೇ ಕಂಡುಕೊಂಡರು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಿಂದ, ಶುರುವಾದದ್ದು ನಲಿಕಲಿ. ಆಂಧ್ರದ ಮದನಪಲ್ಲಿ ಬಳಿಯ ರಿಷಿವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿಬಂದ ಸರ್ಕಾರಿ ಶಾಲೆಯ ಶಿಕ್ಷಕರು ಪಾಠವನ್ನು ಸಣ್ಣ ಸಣ್ಣ ಕಾರ್ಡುಗಳಾಗಿ ಒಡೆದು, ಮೈಲಿಗಲ್ಲುಗಳಾಗಿ ಜೋಡಿಸಿ, ಕಲಿಕೆಯ ಏಣಿಯೊಂದನ್ನು ಕಟ್ಟಿದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಅಕ್ಷರ ಕಲಿಸುವ ಕ್ರಮವನ್ನೇ ಆ ಶಿಕ್ಷಕರು ಬದಲಿಸಿದ್ದು ಸಣ್ಣ ಸಂಗತಿಯಲ್ಲ. ಅ, ಆ, ಇ, ಈ ಎಂದು ಸಾಲಾಗಿ ಹೋಗದೆ ರ, ಗ, ಸ, ದ, ಅ ಎಂದು ಆರಂಭಿಸಿದರೆ ಐದೇ ಅಕ್ಷರ ಕಲಿತ ಮಗು ಸರ, ದರ, ಅರಸ, ಅಗಸ, ಗರಗಸ ಎಂದು ಓದಿಬಿಡುತ್ತದೆ. ಓದು ಎಂದರೆ ಅರ್ಥ ಹೊರಡಿಸುವುದು ಎಂಬುದು ಅದಕ್ಕೆ ಮೊದಲ ವಾರಗಳಲ್ಲೇ ತಿಳಿಯುತ್ತದೆ. ಎರಡನೇ ತರಗತಿಯ ಕಾಗುಣಿತ ಈ ನಂಬಿಕೆಯ ಮೇಲೆ ನಿಲ್ಲುತ್ತದೆ. ಪದಚೀಟಿ ಹೆಕ್ಕುವುದು, ನೆಲದ ಮೇಲೆ ಬರೆದ ಅಕ್ಷರದಿಂದ ಅಕ್ಷರಕ್ಕೆ ಕುಂಟುತ್ತಾ ಜಿಗಿದು ಪದ ಮಾಡುವುದು, ಹಾಡಿನ ಸಾಲನ್ನು ಬೆರಳಿಟ್ಟು ಹಿಂಬಾಲಿಸುವುದು ಇವೆಲ್ಲ ‘ಕಿ’ಗೂ ‘ಕೀ’ಗೂ ಇರುವ ಅಂತರವನ್ನು ಕಿವಿಗೆ, ಕಣ್ಣಿಗೆ, ಕೈಗೆ ಮತ್ತೆ ಮತ್ತೆ ಮುಟ್ಟಿಸುವ ಉಪಾಯಗಳು. ಇಡೀ ಕಾಗುಣಿತದ ಸಾಲನ್ನು ರಾಗವಾಗಿ ಒಪ್ಪಿಸುವ ಮಗುವಿಗೆ ನಡುವಿನ ‘ಕೊ’ ಒಂದನ್ನೇ ಬರೆದು ತೋರಿಸಿ ನೋಡಿ. ಸಾಲಿನ ತಲೆಯಿಂದ ಮನಸ್ಸಿನಲ್ಲೇ ಹೇಳಿಕೊಂಡು ಬರುವ ಮಕ್ಕಳು ಬಹಳ. ಬಾಯಿಪಾಠ ಬೇಡವೆಂದು ನಾನು ಹೇಳುತ್ತಿಲ್ಲ. ಅಷ್ಟಕ್ಕೇ ನಿಂತರೆ ಅದು ಓದಾಗುವುದಿಲ್ಲ.

ಗಣಿತದಲ್ಲೂ ಇದೇ ಕಥೆ. 27ಕ್ಕೆ 15 ಕೂಡಿಸು ಎಂದರೆ ಈ ವಯಸ್ಸಿನ ಹಲವು ಮಕ್ಕಳು 312 ಎಂದು ಬರೆಯುತ್ತಾರೆ. ಏಳೂ ಐದೂ ಹನ್ನೆರಡು, ಎರಡೂ ಒಂದೂ ಮೂರು. ಎರಡನ್ನೂ ಪಕ್ಕಪಕ್ಕ ಇಟ್ಟರು. ಮಗು ಕೂಡುವುದರಲ್ಲಿ ತಪ್ಪಿಲ್ಲ. ಅದಕ್ಕೆ ಗೊತ್ತಿಲ್ಲದ್ದು ಸ್ಥಾನಬೆಲೆ. ‘ಕೈಯಲ್ಲಿ ಒಂದು’ ಎಂಬ ಸೂತ್ರವನ್ನು ನೂರು ಸಲ ಹೇಳಿಕೊಟ್ಟರೆ ಉತ್ತರ ಸರಿಯಾದೀತು, ತಿಳಿವಳಿಕೆ ಬಂದಿರುವುದಿಲ್ಲ. ಅದೇ ಮಗುವಿನ ಮುಂದೆ ಕಡ್ಡಿಗಳನ್ನಿಡಿ. ಎರಡು ಕಟ್ಟು, ಏಳು ಬಿಡಿ. ಪಕ್ಕದಲ್ಲಿ ಒಂದು ಕಟ್ಟು, ಐದು ಬಿಡಿ. ಹನ್ನೆರಡು ಬಿಡಿ ಕಡ್ಡಿಗಳಲ್ಲಿ ಹತ್ತನ್ನು ಎಣಿಸಿ ತಾನೇ ರಬ್ಬರ್‌ಬ್ಯಾಂಡ್ ಹಾಕಿದ ಮಗು 312 ಎಂದು ಹೇಳಲಾರದು. ಅದರ ಕಣ್ಣ ಮುಂದೆ ಇರುವುದು ನಾಲ್ಕು ಕಟ್ಟು, ಎರಡು ಕಡ್ಡಿ. ಹುಣಸೆಬೀಜ, ಕಲ್ಲು, ಚೌಕಾಬಾರದ ಕವಡೆ, ಅಂಗಳವನ್ನು ಹೆಜ್ಜೆಯಿಂದ, ಬೆಂಚನ್ನು ಗೇಣಿನಿಂದ ಅಳೆಯುವುದು ಎಲ್ಲಕ್ಕೂ ಇಂಥದೇ ಉದ್ದೇಶವಿದೆ. ನನ್ನ ಗೇಣಿಗೆ ಎಂಟು, ನಿನ್ನ ಗೇಣಿಗೆ ಒಂಬತ್ತು ಹೇಗೆ ಬಂತು ಎಂದು ಇಬ್ಬರು ಮಕ್ಕಳು ಜಗಳಕ್ಕೆ ನಿಂತಾಗಲೇ ಎಲ್ಲರಿಗೂ ಒಂದೇ ಆದ ಅಳತೆ ಏಕೆ ಬೇಕೆಂಬ ಪ್ರಶ್ನೆ ಹುಟ್ಟುತ್ತದೆ. ಸೆಂಟಿಮೀಟರಿನ ಪಾಠ ಆಮೇಲೆ ಬಂದರೆ ಸಾಕು.

ಮಾತಿನ ಚಟುವಟಿಕೆಗಳಿಗೆ ನಮ್ಮಲ್ಲಿ ಇನ್ನೂ ಕಡಿಮೆ ಬೆಲೆ. ಬೆಳಿಗ್ಗೆ ಹವಾಮಾನ ನಕ್ಷೆಯಲ್ಲಿ ಬಿಸಿಲೋ ಮೋಡವೋ ಗುರುತು ಹಾಕಿ ಅದರ ಬಗ್ಗೆ ಎರಡು ಮಾತು ಆಡುವುದು, ಒಗಟು ಒಡೆಯುವುದು, ಚಿತ್ರ ನೋಡಿ ಕಥೆ ಕಟ್ಟುವುದು. ಚಿಕ್ಕಮಗಳೂರು ಜಿಲ್ಲೆ ಎಂದರೆ ಹೊರಗಿನವರಿಗೆ ಮಳೆ, ಕಾಫಿ, ಬೆಟ್ಟ. ಕಡೂರು ಕಡೆಯದು ಮಳೆಯನ್ನು ಎದುರು ನೋಡುವ ಬಯಲುಸೀಮೆ, ರಾಗಿ ಮತ್ತು ತೆಂಗಿನ ನೆಲ. ಅಲ್ಲಿನ ಮಗುವಿಗೆ ಹವಾಮಾನ ನಕ್ಷೆ ಮನೆಯ ಮಾತಿನದೇ ಮುಂದುವರಿಕೆ. ‘ಇವತ್ತೂ ಮೋಡ ಐತೆ, ಮಳೆ ಇಲ್ಲ’ ಎಂದು ಅದು ಹೇಳಿದಾಗ ‘ಐತೆ ಅಲ್ಲ, ಇದೆ ಅನ್ನು’ ಎಂದು ತಡೆದರೆ ಬಾಯಿ ಮುಚ್ಚಿಹೋಗುತ್ತದೆ. ಪುಸ್ತಕದ ಕನ್ನಡ ಓದುತ್ತಾ ಓದುತ್ತಾ ಬರುತ್ತದೆ, ಮೊದಲು ಮಾತು ಹೊರಡಲಿ. ತಾಂಡಾಗಳಿಂದ ಬರುವ ಲಂಬಾಣಿ ಮಕ್ಕಳಿಗೆ, ಮನೆಯಲ್ಲಿ ಉರ್ದುವೋ ತೆಲುಗೋ ಆಡುವ ಮಕ್ಕಳಿಗೆ ಶಾಲೆಯ ಕನ್ನಡವೇ ಎರಡನೆಯ ಭಾಷೆ. ಆಡಲು ಬಾರದ ಭಾಷೆಯನ್ನು ಓದುವಾಗ ಅಕ್ಷರ ಗೊತ್ತಿದ್ದೂ ಅರ್ಥ ಸಿಕ್ಕುವುದಿಲ್ಲ. ಅವರ ಪಾಲಿಗೆ ಹಾಡು, ಅಭಿನಯ, ಕಥೆಗಳೇ ಪಾಠದ ಅಡಿಪಾಯ. ಕೂಲಿಗಾಗಿ ತಂದೆತಾಯಿ ಊರು ಬಿಟ್ಟು ಹೋದಾಗ ಮಗುವೂ ವಾರಗಟ್ಟಲೆ ಶಾಲೆ ತಪ್ಪಿಸುವುದುಂಟು. ಇಡೀ ತರಗತಿ ಒಂದೇ ಪುಟದಲ್ಲಿ ಸಾಗುವ ಶಾಲೆಯಲ್ಲಿ ಅದು ಮರಳಿ ಬಂದಾಗ ಪಾಠ ಕೈತಪ್ಪಿರುತ್ತದೆ. ಏಣಿಯ ಪದ್ಧತಿಯಲ್ಲಿ ಎಲ್ಲಿ ಬಿಟ್ಟಿತ್ತೋ ಅದೇ ಮೆಟ್ಟಿಲಿನ ಕಾರ್ಡು ಅದಕ್ಕಾಗಿ ಕಾದಿರುತ್ತದೆ.

ಇಷ್ಟೆಲ್ಲ ಹೇಳಿದಾಗ ತಂದೆತಾಯಿ ಎತ್ತುವ ಆಕ್ಷೇಪಣೆ ಗೊತ್ತಿದ್ದದ್ದೇ. ಸರ್ಕಾರಿ ಶಾಲೆಯಲ್ಲಿ ಆಟ ಆಡಿಸುತ್ತಾರೆ, ಕಾನ್ವೆಂಟಿನಲ್ಲಿ ನೋಟ್‌ಬುಕ್ ತುಂಬ ಬರೆಸುತ್ತಾರೆ. ತುಂಬಿದ ನೋಟ್‌ಬುಕ್ ಕಣ್ಣಿಗೆ ಕಾಣುವ ಸಾಕ್ಷಿ, ಅದನ್ನು ನಂಬುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಬೋರ್ಡಿನಿಂದ ನಕಲು ಮಾಡಲು ಓದಲು ಬರಬೇಕಾಗಿಯೇ ಇಲ್ಲ. ಆಕಾರ ನೋಡಿ ಆಕಾರ ಎಳೆದರೆ ಸಾಕು. ಗ್ರಾಮೀಣ ಭಾರತದ ಮಕ್ಕಳನ್ನು ಮನೆಗೇ ಹೋಗಿ ಪರೀಕ್ಷಿಸುವ ‘ಅಸರ್’ ಸಮೀಕ್ಷೆಯ ಪ್ರಕಾರ, ಮೂರನೇ ತರಗತಿಯಲ್ಲಿದ್ದು ಎರಡನೇ ತರಗತಿಯ ಪಾಠ ಓದಬಲ್ಲವರು 2018ರಲ್ಲಿ ಶೇ. 27.3, ಕೋವಿಡ್ ನಂತರ 2022ರಲ್ಲಿ ಶೇ. 20.5, 2024ರಲ್ಲಿ ಶೇ. 27.1. ಇದು ಸರ್ಕಾರಿ ಮತ್ತು ಖಾಸಗಿ ಶಾಲೆಗಳೆರಡೂ ಸೇರಿದ ಲೆಕ್ಕ. ನಾಲ್ವರಲ್ಲಿ ಸುಮಾರು ಮೂವರು ಆ ಪಾಠ ಓದಲಾರದೆ ಮೂರನೇ ತರಗತಿಯಲ್ಲಿ ಕುಳಿತಿದ್ದಾರೆ. ಪುಟಗಟ್ಟಲೆ ಬರೆಸಿದ್ದು ಅವರನ್ನು ಕಾಪಾಡಲಿಲ್ಲ.

ಹಾಗಾದರೆ ಚಟುವಟಿಕೆ ಕಾಪಾಡಿತೇ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ, ಅದಕ್ಕೆ ಪ್ರಾಮಾಣಿಕವಾಗಿಯೇ ಉತ್ತರಿಸಬೇಕು. ಇಷ್ಟು ವರ್ಷ ನಲಿಕಲಿ ನಡೆದ ಕರ್ನಾಟಕದಲ್ಲೂ ಓದಿನ ಮಟ್ಟ ಹೆಮ್ಮೆಪಡುವಂತಿಲ್ಲ. ಹೆಗ್ಗಡದೇವನಕೋಟೆಯಲ್ಲಿ ಅದು ಶಿಕ್ಷಕರ ಸ್ವಂತ ಕೆಲಸವಾಗಿತ್ತು. ರಾಜ್ಯಕ್ಕೆಲ್ಲ ಹರಡಿದಾಗ ಎಷ್ಟೋ ಕಡೆ ಇಲಾಖೆಯ ಆದೇಶವಾಯಿತು. ಕಾರ್ಡು ಮುಗಿಸಿ ‘ಪ್ರಗತಿ ನೋಟ’ ಎಂಬ ಪಟ್ಟಿಯಲ್ಲಿ ಗುರುತು ಹಾಕಿದ ಮಾತ್ರಕ್ಕೆ ಮಗು ಕಲಿತಿದೆ ಎಂದುಕೊಂಡರೆ ಅದೂ ನಕಲಿನಷ್ಟೇ ಟೊಳ್ಳು. ಈ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿರುತ್ತಾರೆ. ಒಂದು ಗುಂಪಿಗೆ ಶಿಕ್ಷಕರು ಪಕ್ಕದಲ್ಲೇ ಬೇಕು, ಒಂದು ಗುಂಪು ಸಹಪಾಠಿಯ ನೆರವಿನಿಂದ ಕಲಿಯುತ್ತದೆ, ಇನ್ನೊಂದು ತನ್ನಷ್ಟಕ್ಕೆ ಅಭ್ಯಾಸ ಮಾಡುತ್ತದೆ. ಶಿಕ್ಷಕರು ಪೂರ್ತಿ ಹೊತ್ತು ಕೋಣೆಯಲ್ಲಿದ್ದರೆ ಮಾತ್ರ ಇದು ನಡೆಯುವ ಏರ್ಪಾಡು. ಇಬ್ಬರೇ ಶಿಕ್ಷಕರಿರುವ ಹಳ್ಳಿಶಾಲೆಯಲ್ಲಿ ಒಬ್ಬರು ಸಭೆಗೋ ತರಬೇತಿಗೋ ಹೋದ ದಿನ ಚಟುವಟಿಕೆ ನಿಜಕ್ಕೂ ಬರೀ ಆಟವಾಗಿಬಿಡುತ್ತದೆ. ಚುನಾವಣೆ, ಗಣತಿ, ಸಮೀಕ್ಷೆ ಎಲ್ಲಕ್ಕೂ ಶಿಕ್ಷಕರೇ ಬೇಕು. 2025ರಲ್ಲಿ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಮುಂದುವರಿಸಲಾಯಿತು. ಸಮೀಕ್ಷೆಯ ಅಗತ್ಯದ ಬಗ್ಗೆ ನನ್ನ ತಕರಾರಿಲ್ಲ. ಹತ್ತನೇ ತರಗತಿಯವರು ವಿಶೇಷ ತರಗತಿಯಲ್ಲಿ ಆ ದಿನಗಳನ್ನು ತುಂಬಿಕೊಳ್ಳಬಹುದು. ಆಗತಾನೇ ಒತ್ತಕ್ಷರಕ್ಕೆ ಕೈಯಿಟ್ಟ ಎರಡನೇ ತರಗತಿಯ ಮಗುವಿಗೆ ಅಂಥ ವಿಶೇಷ ತರಗತಿ ಯಾರೂ ನಡೆಸುವುದಿಲ್ಲ. ಆದ್ದರಿಂದ ದೋಷ ಚಟುವಟಿಕೆಯದೆಂದು ತೀರ್ಪು ಕೊಡುವ ಮೊದಲು ಚಟುವಟಿಕೆಗೆ ಬೇಕಾದ ಶಿಕ್ಷಕರನ್ನೂ ಹೊತ್ತನ್ನೂ ನಾವು ಕೊಟ್ಟೆವೇ ಎಂದು ಕೇಳಬೇಕು. ಕೊಟ್ಟಿಲ್ಲ ಎಂದೇ ನನ್ನ ಅಭಿಪ್ರಾಯ.

ಇಂಗ್ಲಿಷ್ ಬೇಗ ಬರಲಿ ಎಂಬ ಆಸೆಯಿಂದ ಮಗುವನ್ನು ದೂರದ ಶಾಲೆಯ ವ್ಯಾನು ಹತ್ತಿಸುವವರ ಮಾತನ್ನೂ ತಳ್ಳಿಹಾಕುವಂತಿಲ್ಲ. ಇಂಗ್ಲಿಷ್ ಬೇಕು, ಹಳ್ಳಿಯ ಮಗುವಿಗಂತೂ ಬೇಕೇಬೇಕು. ಹಾಡಿನಲ್ಲಿ, ಸಣ್ಣ ಸಣ್ಣ ಮಾತಿನಲ್ಲಿ ಅದನ್ನು ಎರಡನೇ ತರಗತಿಯಲ್ಲೇ ಕೇಳಿಸಬಹುದು, ಆಡಿಸಬಹುದು. ಆದರೆ ಬರೆದದ್ದರಲ್ಲಿ ಅರ್ಥ ಅಡಗಿದೆ, ಅದನ್ನು ನಾನು ಹೊರಡಿಸಬಲ್ಲೆ ಎಂಬ ಧೈರ್ಯ ಮಗುವಿಗೆ ಮೊದಲು ಬರುವುದು ತಾನು ಆಡುವ ಭಾಷೆಯಲ್ಲಿ, ಅಥವಾ ಆಡಿ ಆಡಿ ರೂಢಿಯಾದ ಭಾಷೆಯಲ್ಲಿ. ಆ ಧೈರ್ಯ ಬಂದ ಮಗುವಿಗೆ ಎರಡನೆಯ ಲಿಪಿ ಹೊಸ ಚಿಹ್ನೆಗಳ ಕೆಲಸ ಮಾತ್ರ. ಎರಡೂ ಭಾಷೆಯಲ್ಲಿ ನಕಲು ಮಾಡುತ್ತಾ ಕೂತ ಮಗುವಿಗೆ ಎರಡೂ ಒಗ್ಗುವುದಿಲ್ಲ.

ಎರಡನೇ ತರಗತಿಯ ಮಗು ಮನೆಯಲ್ಲಿದ್ದರೆ ಇವತ್ತು ಸಂಜೆ ಅದರ ನೋಟ್‌ಬುಕ್ಕಿನ ಪುಟ ಎಣಿಸಬೇಡಿ. ಹತ್ತು ನಿಮಿಷ ಪಕ್ಕದಲ್ಲಿ ಕೂತು, ಅದು ಮೊದಲು ನೋಡಿರದ ನಾಲ್ಕು ಸಾಲನ್ನು ಓದಿಸಿ. ಕ್ಯಾಲೆಂಡರಾದರೂ ಆಗಬಹುದು, ಬೀಜದ ಪ್ಯಾಕೆಟ್ಟಿನ ಮೇಲಿನ ಬರಹವಾದರೂ ಆಗಬಹುದು. ಎಲ್ಲಿ ತಡೆಯುತ್ತದೆ ನೋಡಿಕೊಂಡು ಅದನ್ನು ಟೀಚರಿಗೆ ತಿಳಿಸಿ. ನಿಮಗೆ ಓದು ಬಾರದಿದ್ದರೆ ಚಿಂತೆಯಿಲ್ಲ, ಮಗು ಓದಿದ್ದರ ಕಥೆಯನ್ನು ಅದರ ಬಾಯಲ್ಲೇ ಕೇಳಿಸಿಕೊಳ್ಳಿ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರಲ್ಲಿ ನನ್ನದೊಂದು ಬೇಡಿಕೆ. ಮುಂದಿನ ಸಭೆಯಲ್ಲಿ ಕಾಂಪೌಂಡು, ಬಣ್ಣದ ಲೆಕ್ಕ ಮುಗಿದ ಮೇಲೆ ಇನ್ನೊಂದು ಲೆಕ್ಕವನ್ನೂ ಕೇಳಿ: ಕಳೆದ ತಿಂಗಳು ಒಂದರಿಂದ ಮೂರನೇ ತರಗತಿಯ ಕೋಣೆಯಲ್ಲಿ ಶಿಕ್ಷಕರು ಪೂರ್ತಿಯಾಗಿ ಇದ್ದ ದಿನಗಳು ಎಷ್ಟು? ಬಂದ ಉತ್ತರವನ್ನು ಸಭೆಯ ನಡಾವಳಿಯಲ್ಲಿ ಬರೆಸಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಕಳುಹಿಸಿ.