ಹೊಸ ಮದರ್‌ಬೋರ್ಡಿನ ಮೊದಲ ನೋಟ

(ನಮ್ಮ ಉಚಿತ ವಾಚನಾಲಯದ ತಿಂಗಳ ಸಭೆಯಲ್ಲಿ ಆಡಿದ ಮಾತು)



ಸಂಘದ ಕಂಪ್ಯೂಟರಿಗೆಂದು ತಾವು ಕೊಟ್ಟ ವರ್ಗಣಿ ಏನಾಯಿತು ಎಂದು ಕೇಳುವ ಹಕ್ಕು ತಮಗಿದೆ. ತಾವು ಕೇಳುವ ಮೊದಲೇ ಹೇಳುವುದು ಲೇಸೆಂದು ಸಮಿತಿಯವರು ನಮ್ಮನ್ನು ಇಲ್ಲಿ ನಿಲ್ಲಿಸಿದ್ದಾರೆ. ನಾವು ಇಂಜಿನಿಯರರಲ್ಲ; ಮ್ಯಾಟ್ರಿಕ್ ಮುಗಿಸಿ ಮಿಲ್ಲಿನಲ್ಲಿ ಲೆಕ್ಕ ಬರೆಯುವವರು. ಕಂಪ್ಯೂಟರ್ ಬಿಚ್ಚಿ ಜೋಡಿಸುವುದನ್ನು ಮಾಡಿ ಮಾಡಿ ಕಲಿತೆವು. ಬಲ್ಲವರು ಇದ್ದರೆ ತಪ್ಪನ್ನು ತಿದ್ದಬೇಕು.

ಹಳೆಯ ಕಂಪ್ಯೂಟರ್ ಕಳೆದ ಮಳೆಗಾಲದಲ್ಲಿ ಕಣ್ಣು ಮುಚ್ಚಿತಷ್ಟೆ. ಬಿಚ್ಚಿ ನೋಡಿದರೆ ಒಳಗೆಲ್ಲ ಉಳ್ಳಾಗಡ್ಡಿಯ ಸಿಪ್ಪೆ! ಏಷ್ಯಾದಲ್ಲೇ ದೊಡ್ಡದೆನಿಸಿದ ಉಳ್ಳಾಗಡ್ಡಿ ಮಾರುಕಟ್ಟೆಯ ಊರಿನಲ್ಲಿ ಬೇರೇನು ಸಿಕ್ಕೀತು? ಸಿಪ್ಪೆ, ಧೂಳು, ಅದರ ಮೇಲೆ ಹೋಗಿ ಬರುವ ಕರೆಂಟು. ಮದರ್‌ಬೋರ್ಡಿನ ಕೆಪಾಸಿಟರುಗಳು ಉಬ್ಬಿ ಒಡೆದಿದ್ದವು. ಅಂದಿನಿಂದ ಪಿ.ಎಫ್. ಅರ್ಜಿಗೆ, ಮಕ್ಕಳ ಪರೀಕ್ಷೆಯ ಅರ್ಜಿಗೆ, ಊರಿಗೆ ಹೋಗುವ ಟಿಕೀಟಿಗೆ ನಮ್ಮವರು ಪೇಟೆಯ ಅಂಗಡಿಯಲ್ಲಿ ಸರದಿ ನಿಂತು ದುಡ್ಡು ತೆರುತ್ತ ಬಂದಿದ್ದಾರೆ.

ಹೀಗಿರಲಾಗಿ, ಪುಣೆಯಲ್ಲಿ ನೌಕರಿಯಲ್ಲಿರುವ ನಮ್ಮ ಸದಸ್ಯರೊಬ್ಬರ ಮಗ ಹೊಸ ಮದರ್‌ಬೋರ್ಡೊಂದನ್ನು ವಾಚನಾಲಯಕ್ಕೆ ದಾನವಾಗಿ ಕಳಿಸಿಕೊಟ್ಟರು. ಎ.ಎಂ.ಡಿ. ಕಂಪನಿಯ ಎಕ್ಸ್ 870ಇ ಎಂಬ ಚಿಪ್‌ಸೆಟ್ಟಿನ ಬೋರ್ಡು. ಈ ಜಾತಿಯವು 2024ರ ಸೆಪ್ಟೆಂಬರ್ ಕೊನೆಗೆ ಪೇಟೆಗೆ ಬಂದವು. ಮೇಜಿನ ಕಂಪ್ಯೂಟರಿಗೆ ಆ ಕಂಪನಿಯ ಮೇಲುದರ್ಜೆ. ನಾವೇ ಕೊಳ್ಳಬೇಕಾಗಿದ್ದರೆ ನಮ್ಮಲ್ಲಿ ಅನೇಕರ ಒಂದು ತಿಂಗಳ ಪಗಾರ ಸಾಲುತ್ತಿರಲಿಲ್ಲ. ಪೆಟ್ಟಿಗೆ ತೆರೆದಾಗ ಮೊದಲು ಕಂಡದ್ದು ಅದರ ತೂಕ. ಹಸಿರು ಹಲಗೆಯ ಮೇಲೆ ನಾಲ್ಕು ಚಿಪ್ಪು ಕಂಡವರು ನಾವು. ಇದು ಕಪ್ಪು ಹಲಗೆ, ಮೈತುಂಬ ಲೋಹದ ಕವಚ. ಕವಚವು ಬರೀ ಅಂದಕ್ಕಲ್ಲ. ಅದರ ಕೆಳಗಿರುವ ಡಿಸ್ಕುಗಳ ಮತ್ತು ಪ್ರೊಸೆಸರಿಗೆ ವಿದ್ಯುತ್ತು ಹದಮಾಡಿ ಕೊಡುವ ಬಿಡಿಭಾಗಗಳ ಕಾವನ್ನು ಅದು ಹೀರಿಕೊಳ್ಳುತ್ತದೆ.

ಮದರ್‌ಬೋರ್ಡ್ ಎಂದರೇನು ಎಂದು ಹೊಸಬರು ಕೇಳಬಹುದು. ಲೆಕ್ಕ ಮಾಡುವುದು ಪ್ರೊಸೆಸರ್, ಕೆಲಸದ ಹೊತ್ತಿನಲ್ಲಿ ನೆನಪಿಡುವುದು ಮೆಮೊರಿ, ಕೂಡಿಡುವುದು ಡಿಸ್ಕು. ಇವೆಲ್ಲ ಒಂದರೊಡನೊಂದು ಮಾತಾಡುವುದು ಈ ಹಲಗೆಯ ಮೂಲಕ. ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಲು ನಾವು ಹೋಗುವ ಮನಮಾಡ್ ಜಂಕ್ಷನ್ನನ್ನು ನೆನೆಯಿರಿ. ದೌಂಡಿನ ಕಡೆಯ ಹಳಿ, ಸಂಭಾಜಿನಗರದ ಕಡೆಯ ಹಳಿ, ಮುಂಬಯಿಯ ಹಳಿ, ಎಲ್ಲ ಅಲ್ಲಿ ಕೂಡುತ್ತವೆ. ಜಂಕ್ಷನ್ ಕೆಟ್ಟರೆ ಯಾವ ಗಾಡಿಯೂ ಇಲ್ಲ.

ಈ ಬೋರ್ಡಿನಲ್ಲಿ ಪ್ರೊಸೆಸರಿನಿಂದ ಹೊರಡುವ ಹಳಿಗಳು 28. ನಾಲ್ಕು ಚಿಪ್‌ಸೆಟ್ಟಿಗೆ ಹೋದರೆ ಉಳಿದವು 24. ಅವುಗಳಲ್ಲಿ 16 ಚಿತ್ರದ ಕಾರ್ಡಿಗೆ ಮೀಸಲು, ಮಿಕ್ಕವು ಎಂ.2 ಎಂಬ ಪಟ್ಟಿಯಂಥ ಡಿಸ್ಕುಗಳಿಗೆ. ಆದರೆ ಎಕ್ಸ್ 870ಇ ಬೋರ್ಡಿನಲ್ಲಿ ಯುಎಸ್‌ಬಿ 4 ಇರಲೇಬೇಕೆಂದು ಕಂಪನಿಯ ಕಟ್ಟಳೆ. ಸೆಕೆಂಡಿಗೆ 40 ಗಿಗಾಬಿಟ್ ಸಾಗಿಸುವ ಈ ದಾರಿಗೂ ನಾಲ್ಕು ಹಳಿ ಬೇಕು. ಆದ್ದರಿಂದ ಕೆಲವು ಬೋರ್ಡುಗಳಲ್ಲಿ ಎರಡನೆಯ ಎಂ.2 ಜಾಗಕ್ಕೆ ಡಿಸ್ಕು ಹಾಕಿದೊಡನೆ ಚಿತ್ರದ ಕಾರ್ಡಿನ 16 ಹಳಿ ಎಂಟಕ್ಕೆ ಇಳಿಯುತ್ತದೆ. ನಮ್ಮದೂ ಅಂಥದೇ. ಎಷ್ಟು ಡಿಸ್ಕು ಹಿಡಿಯುತ್ತದೆಂಬುದು ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿದೆ, ಈ ಮಾತು ಕೈಪಿಡಿಯ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿದೆ. ನಮಗೇನೂ ನಷ್ಟವಿಲ್ಲ. ಪ್ರೊಸೆಸರಿನೊಳಗೇ ಸಣ್ಣ ಚಿತ್ರಭಾಗ ಇರುವುದರಿಂದ ಪರದೆಯ ತಂತಿಯನ್ನು ಬೋರ್ಡಿನ ಬೆನ್ನಿಗೇ ಸಿಕ್ಕಿಸಿದ್ದೇವೆ. ಉಕ್ಕಿನ ಅಂಚು ಕಟ್ಟಿದ ಆ ಉದ್ದ ಸ್ಲಾಟು, ಪ್ಯಾಸೆಂಜರ್ ಗಾಡಿಯಲ್ಲಿ ಯಾರೂ ಹತ್ತದ ಮೊದಲ ದರ್ಜೆಯ ಡಬ್ಬಿಯಂತೆ ಖಾಲಿ ಕೂತಿದೆ.

ಈಗ ವರ್ಗಣಿಯ ಮಾತಿಗೆ ಬರುತ್ತೇವೆ. ಆನೆ ದಾನವಾಗಿ ಬಂದರೂ ಮೇವು ನಮ್ಮದೇ. ಹಳೆಯ ಪ್ರೊಸೆಸರ್ ಇದರಲ್ಲಿ ಕೂರದು. ಹಳೆಯ ಡಿಡಿಆರ್ 4 ಮೆಮೊರಿ ಪಟ್ಟಿಗಳೂ ಹೊಂದವು. ಇದು ಡಿಡಿಆರ್ 5 ಅನ್ನೇ ಕೇಳುತ್ತದೆ, ಪಟ್ಟಿಯ ನಡುವಿನ ಕಚ್ಚೇ ಬೇರೆ ಕಡೆ ಇದೆ. ಹಳೆಯ ವಿದ್ಯುತ್ ಪೆಟ್ಟಿಗೆಯಲ್ಲಿ ಪ್ರೊಸೆಸರಿಗೆ ಒಂದೇ ತಂತಿ, ಇಲ್ಲಿ ಎರಡಕ್ಕೆ ಜಾಗ. ಒಂದರಿಂದಲೂ ನಡೆಯುತ್ತಿತ್ತೇನೋ, ಆದರೆ ಆ ಪೆಟ್ಟಿಗೆಯೂ ಸಿಪ್ಪೆ ತಿಂದದ್ದೇ. ಅದನ್ನು ನಂಬಲು ನಮಗೆ ಧೈರ್ಯ ಬರಲಿಲ್ಲ. ಅದರ ಜೊತೆಗೆ ಮೆಮೊರಿಯ ಬೆಲೆ ನೋಡಿ. ಕೃತಕ ಬುದ್ಧಿಯ ದೊಡ್ಡ ದೊಡ್ಡ ಯಂತ್ರಶಾಲೆಗಳು ಕಂಡಕಂಡ ಮೆಮೊರಿಯನ್ನೆಲ್ಲ ಕೊಳ್ಳತೊಡಗಿದ್ದರಿಂದ 2025ರ ಕೊನೆಗೆ ಬೆಲೆ ಗಗನಕ್ಕೇರಿತು. ಉಳ್ಳಾಗಡ್ಡಿಯ ಬೆಲೆ ಏರಿಳಿಯುವುದನ್ನು ಕಂಡ ನಮಗೂ ಅಂಗಡಿಯವನು ಹೇಳಿದ ದರ ಕೇಳಿ ಬಾಯಿ ಒಣಗಿತು. ಬೋರ್ಡನ್ನು ಮಾರಿ ಸಾದಾ ಕಂಪ್ಯೂಟರ್ ತರೋಣವೆಂದು ಸಮಿತಿಯಲ್ಲಿ ಮೂವರು ಹೇಳಿದರು. ಕೊಟ್ಟವರ ಮನಸ್ಸು ನೋಯಿಸಬಾರದೆಂದು ಉಳಿದವರು ಹೇಳಿದರು. ಕೊನೆಗೆ ಸಣ್ಣ ಪ್ರೊಸೆಸರ್, 8 ಜಿ.ಬಿ.ಯ ಎರಡು ಮೆಮೊರಿ ಪಟ್ಟಿ, ಹೊಸ ವಿದ್ಯುತ್ ಪೆಟ್ಟಿಗೆ ತಂದೆವು. ತಮ್ಮ ವರ್ಗಣಿಯೆಲ್ಲ ಅಲ್ಲಿಗೆ ಸಂದಿತು.

ಹೋದ ರವಿವಾರ ಜೋಡಿಸಲು ಕೂತೆವು. ಹಿಂದೆ ಈ ಕಂಪನಿಯ ಪ್ರೊಸೆಸರಿಗೆ ಕಾಲುಗಳಿದ್ದವು. 2022ರಲ್ಲಿ ಬಂದ ಎಎಂ 5 ಸಾಕೆಟ್ಟಿನಲ್ಲಿ ಆ ಕಾಲುಗಳು ಬೋರ್ಡಿಗೆ ಬಂದಿವೆ: ಕೂದಲೆಳೆಯಂಥ 1718 ಸ್ಪರ್ಶಕಡ್ಡಿಗಳು. ಒಂದು ಬಾಗಿದರೂ ಕೆಲಸ ಕೆಡಬಹುದು. ಪ್ರೊಸೆಸರನ್ನು ಮೇಲಿಂದ ಮೆಲ್ಲಗೆ ಇಳಿಸಿ ಸನ್ನೆಯನ್ನು ಒತ್ತಿದಾಗ ಕಿರ್ರೆಂದು ಸದ್ದಾಗಿ, ಪ್ಲಾಸ್ಟಿಕ್ ಮುಚ್ಚಳ ಟಪ್ಪನೆ ಹಾರಿತು. ಜೀವವೇ ಹಾರಿದಂತಾಯಿತು. ಅದು ಹಾರುವುದೇ ಸರಿಯಾದ ರೀತಿಯಂತೆ! ಮೆಮೊರಿ ಪಟ್ಟಿ ಎರಡೇ ಇದ್ದರೆ ಪ್ರೊಸೆಸರಿನ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿ ಹಾಕಬೇಕು. ಹಾಗೆಯೇ ಹಾಕಿದೆವು.

ಗುಂಡಿ ಒತ್ತಿದೆವು. ಫ್ಯಾನು ತಿರುಗಿತು, ಬಣ್ಣದ ದೀಪಗಳು ದೀಪಾವಳಿಯಂತೆ ಬೆಳಗಿದವು, ಪರದೆ ಮಾತ್ರ ಕಪ್ಪು. ಒಂದು ನಿಮಿಷ, ಎರಡು ನಿಮಿಷ. ಎರಡು ದಿನದ ಕೂಲಿ ಕೊಟ್ಟಿದ್ದ ವಿಜಾಪುರ ಕಡೆಯ ಹಿರಿಯರೊಬ್ಬರು ಹಿಂದೆ ನಿಂತಿದ್ದವರು, "ಹೋತಲ್ಲೋ ತಮ್ಮಾ, ಎಲ್ಲಾರ ರೊಕ್ಕ ಹೋತು" ಎಂದರು. ನಮಗೂ ಹಾಗೆಯೇ ಅನ್ನಿಸಿತು. ಕೈ ಮತ್ತೆ ಗುಂಡಿಯ ಕಡೆಗೆ ಹೋಗಿತ್ತು.

ಆಗ ಬೋರ್ಡಿನ ಮೂಲೆಯಲ್ಲಿ ಎರಡು ಅಂಕಿ ತೋರಿಸುವ ಪುಟ್ಟ ಫಲಕ ಕಣ್ಣಿಗೆ ಬಿತ್ತು. ಪಕ್ಕದಲ್ಲಿ ನಾಲ್ಕು ಸಣ್ಣ ದೀಪ: ಪ್ರೊಸೆಸರ್, ಮೆಮೊರಿ, ಚಿತ್ರ, ಡಿಸ್ಕು. ಮೆಮೊರಿಯದೊಂದೇ ಉರಿಯುತ್ತಿತ್ತು. ಕೈಪಿಡಿ ತೆಗೆದು ನೋಡಿದರೆ, ಹೊಸ ಮೆಮೊರಿಯನ್ನು ಮೊದಲ ಸಲ ಬೋರ್ಡು ತಾನೇ ಪರೀಕ್ಷಿಸಿ ಅದರ ವೇಗಕ್ಕೆ ಹೊಂದಿಕೊಳ್ಳುತ್ತದೆ, ಕೆಲವು ನಿಮಿಷ ಕಾಯಿರಿ, ನಡುವೆ ಆರಿಸಬೇಡಿರಿ ಎಂದಿತ್ತು. ಆರಿಸಿದ್ದರೆ ಮತ್ತೆ ಮೊದಲಿನಿಂದ. ಕರೆಂಟು ಹೋಗದಿರಲೆಂದು ಮನದಲ್ಲೇ ಬೇಡಿಕೊಂಡು ಕೂತೆವು. ನಮ್ಮ ಗಡಿಯಾರದಲ್ಲಿ ಏಳು ನಿಮಿಷಕ್ಕೆ ಪರದೆ ಬೆಳಗಿತು. ಹಿರಿಯರು ಏನೂ ಅನ್ನಲಿಲ್ಲ. ಹೊರಗೆ ಹೋಗಿ ಎಲ್ಲರಿಗೂ ಚಹಾ ಹೇಳಿ ಬಂದರು.

ನಮಗೆ ಅನ್ನಿಸಿದ್ದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ಈ ಬೋರ್ಡಿನ ಅರ್ಧ ಭಾಗ ನಮಗೆ ಬೇಡದ್ದು. ವೈ-ಫೈ 7 ಇದೆ, ಅದಕ್ಕೆ ತಕ್ಕ ಸಂಪರ್ಕ ನಮ್ಮಲ್ಲಿಲ್ಲ. ಬಣ್ಣದ ದೀಪಗಳನ್ನು ಆರಿಸಿದ್ದೇವೆ. ಅರ್ಜಿ ತುಂಬಲು, ಪತ್ರಿಕೆ ಓದಲು ಇದರ ಕಾಲು ಬೆಲೆಯ ಬೋರ್ಡು ಸಾಕಿತ್ತು. ಕೊಂಡು ತರುವವರಿಗೆ ನಾವು ಅದನ್ನೇ ಹೇಳುತ್ತೇವೆ. ಆದರೆ ಆ ಎರಡಂಕಿಯ ಫಲಕ ಅಗ್ಗದ ಬೋರ್ಡಿನಲ್ಲಿ ಅಪರೂಪ, ಅಂದು ನಮ್ಮನ್ನು ಉಳಿಸಿದ್ದು ಅದೇ. ಇನ್ನೊಂದು ಲಾಭವಿದೆ. ಈ ಸಾಕೆಟ್ಟಿಗೆ 2027ರವರೆಗೆ ಮತ್ತು ಅದರಾಚೆಗೂ ಬೆಂಬಲ ಕೊಡುವುದಾಗಿ ಎ.ಎಂ.ಡಿ. ಹೇಳಿದೆ. ಮುಂದೆ ಕೈಯಲ್ಲಿ ಹಣ ಕೂಡಿದರೆ ಪ್ರೊಸೆಸರೊಂದನ್ನೇ ಬದಲಿಸಬಹುದು.

ಕಂಪ್ಯೂಟರನ್ನು ಕಿಟಕಿಯಿಂದ ಸರಿಸಿ ಒಳಗೋಡೆಗೆ ಇಟ್ಟಿದ್ದೇವೆ. ಫ್ಯಾನಿನ ಮುಂದೆ ತೆಳು ಜಾಲರಿ ಕಟ್ಟಿದ್ದೇವೆ, ರವಿವಾರಕ್ಕೊಮ್ಮೆ ಒರೆಸುವ ಪಾಳಿ ಹಚ್ಚಿದ್ದೇವೆ. ನಾಳೆ ಸಂಜೆಯಿಂದ ಪಿ.ಎಫ್. ಅರ್ಜಿಯವರು ಬರಬಹುದು, ಆಧಾರ್ ನಂಬರಿಗೆ ಕೂಡಿಸಿದ ಮೊಬೈಲನ್ನು ತಪ್ಪದೆ ತರಬೇಕು. ಮತ್ತೊಂದು ಮಾತು. ಹಾರಿಬಿದ್ದ ಆ ಪ್ಲಾಸ್ಟಿಕ್ ಮುಚ್ಚಳವನ್ನು ಕಪಾಟಿನ ಚಹಾ ಡಬ್ಬಿಯಲ್ಲಿ ಇಟ್ಟಿದ್ದೇವೆ. ಬೋರ್ಡನ್ನು ರಿಪೇರಿಗೆ ಕಳಿಸುವ ದಿನ ಬಂದರೆ ಆ 1718 ಕಡ್ಡಿಗಳನ್ನು ಕಾಯುವುದು ಅದೇ. ಕಸವೆಂದು ಯಾರೂ ಎಸೆಯಬಾರದು.