ಮಗುವಿನ ಉದ್ಯೋಗ

(ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಉದ್ಯೋಗ ಹುಡುಕಿಕೊಂಡು ಮುಂಬಯಿಗೆ ಬಂದವರು ನಾವು. ಉದ್ಯೋಗವೆಂದೊಡನೆ ಪಾಳಿ, ಪಗಾರ, ಹಾಜರಿಗಳೇ ನಮ್ಮ ಕಣ್ಣ ಮುಂದೆ ನಿಲ್ಲುತ್ತವೆ. ಆದುದರಿಂದ ಎರಡು ವರ್ಷದ ಮಗುವಿಗೆ ‘ಆಕ್ಯುಪೇಷನಲ್ ಥೆರಪಿ’, ಅಂದರೆ ಉದ್ಯೋಗದ ಮೂಲಕ ಚಿಕಿತ್ಸೆ, ಬೇಕೆಂದು ಡಾಕ್ಟರರು ಬರೆದುಕೊಟ್ಟರೆ, “ಇಷ್ಟು ಕೂಸಿಗೆ ಎಂಥ ಉದ್ಯೋಗ?” ಎಂದು ನಾವು ಕೇಳುವುದು ಸಹಜ. ಉತ್ತರ ಸರಳವಾಗಿದೆ. ಆಡುವುದು, ತಾನೇ ತಿನ್ನುವುದು, ಅಂಗಿ ತೊಡುವುದು, ನಾಲ್ಕು ಮಕ್ಕಳೊಡನೆ ಕೂಡಿರುವುದು, ಇವೇ ಮಗುವಿನ ಉದ್ಯೋಗ. ಬೆಳವಣಿಗೆಯಲ್ಲಿ ಹಿಂದೆ ಬಿದ್ದ ಮಗುವಿಗೆ ಇವನ್ನು ಆಟದ ಮೂಲಕ ಕಲಿಸುವ ವಿದ್ಯೆಯಿದು.

ಈ ವಿದ್ಯೆ ನಮ್ಮ ನೆರೆಯಲ್ಲೇ ಬೇರೂರಿತು. ಅಮೆರಿಕದಲ್ಲಿ ಹುಟ್ಟಿ ಭಾರತದ ಸೊಸೆಯಾದ ಶ್ರೀಮತಿ ಕಮಲಾ ನಿಂಬಕರ್ ಅವರು ಇದನ್ನು ಫಿಲಡೆಲ್ಫಿಯಾದಲ್ಲಿ ಕಲಿತರು. ಪರೇಲಿನಲ್ಲಿ ಗಿರಣಿಗಳ ಭೋಂಗಾ ಮೊಳಗುತ್ತಿದ್ದ ಕಾಲದಲ್ಲಿ, 1950ರಲ್ಲಿ, ಅಲ್ಲಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದೇಶದ ಮೊದಲ ಶಿಕ್ಷಣ ಶಾಲೆಯನ್ನು ತೆರೆದರು. 1952ರಲ್ಲಿ ಈ ವೃತ್ತಿಯ ಜಾಗತಿಕ ಒಕ್ಕೂಟವನ್ನು ಕಟ್ಟಿದ ಹತ್ತು ದೇಶಗಳಲ್ಲಿ ಭಾರತವೂ ಒಂದು. 1955ರಲ್ಲಿ ಹಾಜಿ ಅಲಿಯಲ್ಲಿ ಅಖಿಲ ಭಾರತ ಪುನರ್ವಸತಿ ಸಂಸ್ಥೆ ಸ್ಥಾಪನೆಯಾಯಿತು. 2001ರಲ್ಲಿ ಮಕ್ಕಳ ಬೆಳವಣಿಗೆಗೆಂದೇ ‘ಉಮ್ಮೀದ್’ ಎಂಬ ಸಂಸ್ಥೆಯೂ ಈ ನಗರದಲ್ಲಿ ಹುಟ್ಟಿತು. ಲೋಕಲ್ ಗಾಡಿಯ ದೂರದಲ್ಲಿ ಇಷ್ಟಿರುವಾಗ ನಮ್ಮನ್ನು ತಡೆಯುವುದೇನು? “ತಡವಾಗಿ ನಡೆದರೇನಾಯಿತು, ಅವನ ಅಪ್ಪನೂ ಹಾಗೆಯೇ ಇದ್ದ” ಎಂಬ ಸಮಾಧಾನದ ಮಾತು.

ಆ ಮಾತಿನಲ್ಲಿ ಪ್ರೀತಿ ಇದೆ. ಆದರೆ ಅದರಿಂದ ಕಾಲ ಕಳೆದುಹೋಗುತ್ತದೆ. ಮೆದುಳು ಅತಿ ವೇಗವಾಗಿ ಬೆಳೆಯುವುದು ಮೊದಲ ಕೆಲವು ವರ್ಷಗಳಲ್ಲಿ. ನಾಲ್ಕು ತಿಂಗಳು ಕಳೆದರೂ ಕತ್ತು ನಿಲ್ಲದಿದ್ದರೆ, ಒಂಬತ್ತು ತಿಂಗಳು ದಾಟಿದರೂ ಆಸರೆಯಿಲ್ಲದೆ ಕೂಡದಿದ್ದರೆ, ಹದಿನೆಂಟು ತಿಂಗಳಾದರೂ ನಡೆಯದಿದ್ದರೆ, ಹೆಸರು ಹಿಡಿದು ಕರೆದರೂ ತಿರುಗದಿದ್ದರೆ ಡಾಕ್ಟರರಿಗೆ ತೋರಿಸತಕ್ಕದ್ದು. ವರ್ಷ ತುಂಬುವ ಮೊದಲೇ ಒಂದೇ ಕೈಯನ್ನು ಬಳಸಿ, ಇನ್ನೊಂದನ್ನು ಮುಷ್ಟಿ ಕಟ್ಟಿಟ್ಟುಕೊಳ್ಳುವ ಮಗುವನ್ನು “ಎಡಚ” ಎಂದು ನಗುತ್ತ ಬಿಡಬಾರದು, ಅದನ್ನೂ ತೋರಿಸಬೇಕು. ತೋರಿಸಿದ ಮೇಲೆ ಏನೂ ದೋಷವಿಲ್ಲವೆಂದರೆ ಸಂತೋಷ. ನಷ್ಟವೇನು, ಅರ್ಧ ದಿನದ ರಜೆ.

ಚಿಕಿತ್ಸೆಗೆ ದೊಡ್ಡ ಸಾಮಗ್ರಿ ಬೇಕೆಂದು ಭಾವಿಸಬೇಡಿ. ಥೆರಪಿಸ್ಟರು ಮೊದಲು ಮಗುವನ್ನು ನೋಡಿ, ಅದಕ್ಕೆ ತಕ್ಕದ್ದನ್ನು ಹೇಳಿಕೊಡುತ್ತಾರೆ. ಹೆಚ್ಚಿನ ಅಭ್ಯಾಸ ನಡೆಯುವುದು ನಮ್ಮ ಹತ್ತು ಅಡಿಯ ಖೋಲಿಯಲ್ಲೇ. ಚಪಾತಿಯ ಹಿಟ್ಟನ್ನು ಹಿಸುಕುವುದು ಬೆರಳಿಗೆ ಕೆಲಸ. ಬುಟ್ಟಿಯಿಂದ ಬುಟ್ಟಿಗೆ ಬಟಾಟೆ ಹಾಕುವುದು ಕಣ್ಣು ಕೈಗಳಿಗೆ ಕೆಲಸ. ಶೇಂಗಾ, ಕಡಲೆ ಮಾತ್ರ ಕೂಸಿನ ಕೈಗೆ ಬೇಡ, ಗಂಟಲಿಗೆ ಸಿಕ್ಕೀತು. ಉಣ್ಣುವಾಗ ಮಗು ನೆಟ್ಟಗೆ ಕೂತು, ಪಾದಗಳು ಹಲಗೆಯ ಮೇಲೆ ಊರಿರಲಿ. ಹಿಡಿಕೆಗೆ ಬಟ್ಟೆ ಸುತ್ತಿ ದಪ್ಪ ಮಾಡಿದರೆ ಚಮಚೆ ಹಿಡಿಯಲು ಸುಲಭ. ಅಂಗಿಯನ್ನು ನಾವೇ ಬಹುಪಾಲು ತೊಡಿಸಿ, ಕೊನೆಯ ಎಳೆತವನ್ನಷ್ಟೇ ಮಗುವಿಗೆ ಬಿಡಬೇಕು. ಅದು ಬಂದ ಮೇಲೆ ಅದರ ಹಿಂದಿನ ಹೆಜ್ಜೆ. ಹೀಗೆ ಪ್ರತಿಸಲವೂ ಕೆಲಸ ಮುಗಿಸಿದ ಹೆಮ್ಮೆ ಮಗುವಿನದೇ ಆಗುತ್ತದೆ.

ಇದು ಮಾಯಾಮಂತ್ರವಲ್ಲ. ಎಲ್ಲ ಮಕ್ಕಳೂ ಒಂದೇ ಸಮನಾಗಿ ಮುಂದೆ ಬರುವುದಿಲ್ಲ. ಆದರೆ ತಾನೇ ಉಂಡು, ತಾನೇ ಗುಂಡಿ ಹಾಕಿಕೊಳ್ಳುವ ಮಗುವಿನ ಬಾಳು ಬೇರೆ, ಎಲ್ಲಕ್ಕೂ ಪರರ ಕೈ ನೋಡುವ ಬಾಳು ಬೇರೆ. ಗ್ರಹಣ, ದೃಷ್ಟಿ ಎಂದು ತಾಯಿಯ ಮೇಲೆ ತಪ್ಪು ಹೊರಿಸುವುದು ಅನ್ಯಾಯ. ಅಭ್ಯಾಸದ ಹೊರೆಯನ್ನೆಲ್ಲ ಅವಳ ತಲೆಗೇ ಕಟ್ಟುವುದೂ ಅನ್ಯಾಯವೇ. ಪಾಳಿ ಮುಗಿಸಿ ಬಂದ ತಂದೆ ದಿನಕ್ಕೆ ಕಾಲು ಗಂಟೆ ಮಗುವಿನೊಡನೆ ಕೂತು ಆಡಬಹುದಲ್ಲವೇ?

ಖರ್ಚಿಗೆ ಹೆದರಿ ತಾಯಿ ಮಕ್ಕಳನ್ನು ಊರಿಗೆ ಕಳಿಸುವವರು ನಮ್ಮಲ್ಲಿ ಉಂಟು. ಕಳಿಸಲೇಬೇಕಾದರೆ, ಮನೆಯಲ್ಲಿ ಮಾಡಿಸಬೇಕಾದ ಅಭ್ಯಾಸವನ್ನು ಬರೆಯಿಸಿಕೊಂಡೇ ಕಳಿಸಿ. 2013ರಿಂದ ನಡೆದಿರುವ ಸರಕಾರದ ಬಾಲಸ್ವಾಸ್ಥ್ಯ ಯೋಜನೆಯಲ್ಲಿ ಇಂಥ ಮಕ್ಕಳಿಗಾಗಿ ಜಿಲ್ಲಾ ಕೇಂದ್ರಗಳ ಏರ್ಪಾಡಿದೆ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಇನ್ನು ಭಾಷೆ. ಆಸ್ಪತ್ರೆಯಲ್ಲಿ ಮರಾಠಿ, ಹಿಂದಿ. ಊರಿನಿಂದ ಬಂದ ತಾಯಿಗೆ ಕನ್ನಡವೋ ತುಳುವೋ ಅಷ್ಟೇ. ಹೇಳಿದ್ದು ತಿಳಿಯದೆ ತಲೆಯಾಡಿಸಿ ಬಂದರೆ ಚಿಕಿತ್ಸೆ ಅಲ್ಲಿಗೇ ನಿಂತಿತು. ಹಾಗೆಂದು ಮಗುವಿನೊಡನೆ ಮನೆಮಾತು ಬಿಡಬೇಕಿಲ್ಲ. ಎರಡು ಭಾಷೆ ಕೇಳಿದ್ದರಿಂದ ಮಗು ಹಿಂದೆ ಬೀಳುವುದಿಲ್ಲ.

ಬರೆಯುವುದು ನಮ್ಮಂಥ ಗುಮಾಸ್ತರ ನಿತ್ಯದ ಕಸುಬು. ಜೊತೆಗೆ ಹೋಗಿ, ಕೇಸ್ ಪೇಪರ್ ಮಾಡಿಸಿ, ಥೆರಪಿಸ್ಟರು ಹೇಳಿದ್ದನ್ನು ಕನ್ನಡದಲ್ಲಿ ಬರೆದುಕೊಡುವುದು ನಮಗೆ ಕಷ್ಟವಲ್ಲ. ವಾಚನಾಲಯದ ಮೇಜಿನ ಮೇಲೆ ಇಂದು ಒಂದು ವಹಿ ಇಟ್ಟಿದ್ದೇವೆ. ಜೊತೆಗೆ ಬರಬಲ್ಲವರು ತಮ್ಮ ಹೆಸರು, ಬಿಡುವಿನ ದಿನ ಬರೆಯಿರಿ. ಸಹಾಯ ಬೇಕಾದವರು ಬರೆಯಬೇಕಿಲ್ಲ. ನಮ್ಮಲ್ಲಿ ಯಾರೊಬ್ಬರ ಕಿವಿಗೆ ಹಾಕಿದರೆ ಸಾಕು.